ಓಟದ ದಿನವೇ ಮುಟ್ಟಾದರೆ

ಬನದ ಹುಣ್ಣಿಮೆಗೆ ಸಿಂಧನೂರು ತಾಲ್ಲೂಕಿನ ಅಂಬಾಮಠದಲ್ಲಿ ಜಾತ್ರೆ. ಲಿಂಗಸುಗೂರು ಕಡೆಯವರಿಗೆ ಗುರುಗುಂಟಾದ ಅಮರೇಶ್ವರ, ಮಸ್ಕಿಯವರಿಗೆ ಬೆಟ್ಟದ ಮಲ್ಲಿಕಾರ್ಜುನ. ಜಾತ್ರೆ, ಮದುವೆ, ಗೃಹಪ್ರವೇಶ ಹತ್ತಿರ ಬಂದಂತೆ ಈ ಊರುಗಳ ಔಷಧಿ ಅಂಗಡಿಗಳಲ್ಲಿ ಒಂದು ಗುಳಿಗೆ ಕೇಳುವವರು ಹೆಚ್ಚುತ್ತಾರೆ. ಅದರ ಹೆಸರು ಗೊತ್ತಿರಬೇಕಿಲ್ಲ. ‘ಅಣ್ಣಾರ, ಮುಂದ ಹೋಗೋ ಗುಳಿಗಿ ಕೊಡ್ರಿ’ ಅಂದರೆ ಸಾಕು. ವೈದ್ಯರ ಚೀಟಿಯೂ ಬೇಡ, ಪ್ರಶ್ನೆಯೂ ಇಲ್ಲ, ಹಾಳೆಯಲ್ಲಿ ಸುತ್ತಿ ಕೈಗಿಡುತ್ತಾರೆ. ದೇವರ ಮುಂದೆ ‘ಹೊರಗಾಗ’ಬಾರದೆಂದು ಅವ್ವಂದಿರು ನುಂಗುತ್ತ ಬಂದ ಈ ಗುಳಿಗೆಯನ್ನು ಮಗಳ ಕಬಡ್ಡಿಗೂ ಖೋಖೋಗೂ ಕೊಡಬಹುದೇ? ಮುಟ್ಟಿನ ದಿನ ಓಡಿದರೆ ವೇಗ ಕಡಿಮೆಯಾಗುತ್ತದೆಯೇ? ಮಗುವಾದ ಮೇಲೆ, ‘ಆಪರೇಷನ್’ ಆದ ಮೇಲೆ ಆಡಬಹುದೇ? ವಲಯ ಮಟ್ಟದ ಕ್ರೀಡಾಕೂಟಗಳ ಹೊತ್ತಿಗೆ ಮನೆಯೊಳಗೆ ಪಿಸುಮಾತಿನಲ್ಲಿ ಏಳುವ ಈ ಪ್ರಶ್ನೆಗಳು ದೈಹಿಕ ಶಿಕ್ಷಕರ ಕಿವಿಯ ತನಕ ಬರುವುದೇ ಇಲ್ಲ. ಅಲ್ಲಿಗೆ ತಲುಪುವುದು ‘ಜ್ವರ ಬಂದಾವ್ರೀ ಸರ್’ ಎಂಬ ಮಾತು ಮಾತ್ರ.

ಮೊದಲು ಆ ಗುಳಿಗೆಯ ವಿಷಯ ಮುಗಿಸಿಬಿಡೋಣ. ಅದು ನೊರೆಥಿಸ್ಟೆರಾನ್. ಅಂಡಾಶಯ ತಿಂಗಳ ಎರಡನೇ ಅರ್ಧದಲ್ಲಿ ತಾನೇ ತಯಾರಿಸುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಕೃತಕ ರೂಪ. ಪ್ರೊಜೆಸ್ಟರಾನ್ ಇರುವ ತನಕ ಗರ್ಭಕೋಶದ ಒಳಪದರ ಗಟ್ಟಿಯಾಗಿ ನಿಂತಿರುತ್ತದೆ. ಅದು ಇಳಿದಾಗ ಪದರ ಕಳಚಿ ರಕ್ತವಾಗಿ ಹೊರಬರುತ್ತದೆ. ಹೊರಗಿನಿಂದ ಗುಳಿಗೆ ಕೊಟ್ಟು ಆ ಇಳಿತವನ್ನು ತಡೆಹಿಡಿಯುವುದೇ ‘ಮುಂದೆ ಹಾಕುವುದು’. ಮುಟ್ಟು ನಿರೀಕ್ಷಿಸಿದ ದಿನಕ್ಕೆ ಸುಮಾರು ಮೂರು ದಿನ ಮೊದಲೇ ಶುರು ಮಾಡಿದರಷ್ಟೇ ಕೆಲಸ ಮಾಡುತ್ತದೆ. ಸ್ರಾವ ಆರಂಭವಾದ ಮೇಲೆ ಕ್ರೀಡಾಂಗಣದ ಬದಿಯಲ್ಲಿ ನುಂಗಿದರೆ ಪ್ರಯೋಜನವಿಲ್ಲ. ಬಿಟ್ಟ ಎರಡು-ಮೂರು ದಿನಕ್ಕೆ ಮುಟ್ಟಾಗುತ್ತದೆ. ಕೆಲವರಿಗೆ ಹೊಟ್ಟೆ ಉಬ್ಬರ, ತಲೆನೋವು, ವಾಕರಿಕೆ ಬರುತ್ತದೆ, ಅಂದರೆ ಯಾವ ತೊಂದರೆ ತಪ್ಪಿಸಲು ನುಂಗಿದರೋ ಅದೇ ಬೇರೆ ದಾರಿಯಿಂದ ಬರುತ್ತದೆ. ರಕ್ತ ಹೆಪ್ಪುಗಟ್ಟುವ ತೊಂದರೆ ಮನೆತನದಲ್ಲಿದ್ದರೆ ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಇನ್ನೊಂದು ಮಾತು ಹಲವರಿಗೆ ಗೊತ್ತಿಲ್ಲ: ಹೀಗೆ ಕೆಲವು ದಿನ ನುಂಗಿದ ಗುಳಿಗೆ ಗರ್ಭನಿರೋಧಕವಾಗಿ ಕೆಲಸ ಮಾಡುವುದಿಲ್ಲ. ವೈದ್ಯರು ನೋಡಿ ಬರೆದುಕೊಟ್ಟರೆ ವರ್ಷಕ್ಕೊಮ್ಮೆ, ದೊಡ್ಡ ಸ್ಪರ್ಧೆಗೆ ಬಳಸುವುದರಲ್ಲಿ ತಪ್ಪೇನಿಲ್ಲ. ಆದರೆ ಪ್ರತಿ ಕೂಟಕ್ಕೂ ನುಂಗುವಷ್ಟು ದೊಡ್ಡ ಶತ್ರುವೇ ಮುಟ್ಟು?

ಈ ಪ್ರಶ್ನೆಗೆ ಇಡೀ ದೇಶ ಕಿವಿಗೊಟ್ಟಿದ್ದು 2024ರ ಆಗಸ್ಟ್‌ನಲ್ಲಿ. ಪ್ಯಾರಿಸ್ ಒಲಿಂಪಿಕ್ಸ್‌ನ ವೇಟ್‌ಲಿಫ್ಟಿಂಗ್‌ನ 49 ಕೆ.ಜಿ. ವಿಭಾಗದಲ್ಲಿ ಮಣಿಪುರದ ಮೀರಾಬಾಯಿ ಚಾನು ಒಟ್ಟು 199 ಕೆ.ಜಿ. ಎತ್ತಿದರು. ಮೂರನೇ ಸ್ಥಾನ ಪಡೆದ ಥಾಯ್ಲೆಂಡಿನ ಲಿಫ್ಟರ್ ಎತ್ತಿದ್ದು 200. ಒಂದೇ ಕೆ.ಜಿ.ಯಲ್ಲಿ ಪದಕ ತಪ್ಪಿತು. ಆಮೇಲೆ ಮೀರಾಬಾಯಿ ಸಂಕೋಚವಿಲ್ಲದೆ ಹೇಳಿದರು: ಅಂದು ತಮ್ಮ ಮುಟ್ಟಿನ ಮೂರನೇ ದಿನ, ಅದೂ ಸ್ವಲ್ಪ ವ್ಯತ್ಯಾಸ ಮಾಡುತ್ತದೆ. ಮೂರು ವರ್ಷ ಹಿಂದೆ ಟೋಕಿಯೊದಲ್ಲಿ 202 ಕೆ.ಜಿ. ಎತ್ತಿ ಬೆಳ್ಳಿ ಗೆದ್ದವರು ಅವರು. ಹಾಗಾದರೆ ಆ ಒಂದು ಕೆ.ಜಿ.ಯನ್ನು ಮುಟ್ಟೇ ಕಿತ್ತುಕೊಂಡಿತೇ? ಹಾಗೆ ಯಾರೂ ಹೇಳಲಾರರು. ಹಿಂದಿನ ವರ್ಷವಷ್ಟೇ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ಸೊಂಟಕ್ಕೆ ಪೆಟ್ಟಾಗಿತ್ತು, ಚೇತರಿಸಿಕೊಂಡು ಬಂದವರು. ಇನ್ನೊಂದು ಕಡೆ, ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ 2002ರಲ್ಲಿ ಶಿಕಾಗೊ ಮ್ಯಾರಥಾನನ್ನು 2 ಗಂಟೆ 17 ನಿಮಿಷ 18 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ್ದು ಮುಟ್ಟಿನ ಹೊಟ್ಟೆನೋವಿನ ನಡುವೆಯೇ. ಒಬ್ಬೊಬ್ಬರ ಕತೆಯಿಂದ ನಿಯಮ ಹೊರಡಿಸಲಾಗದು ಎನ್ನಲು ಈ ಎರಡು ಉದಾಹರಣೆ ಸಾಕು.

ಹಾಗಾದರೆ ನೂರಾರು ಜನರನ್ನು ಒಟ್ಟಿಗೆ ಇಟ್ಟು ನೋಡಿದರೆ? ಅದಕ್ಕೂ ಮೊದಲು ತಿಂಗಳ ಲೆಕ್ಕವನ್ನು ಒಮ್ಮೆ ನೆನಪು ಮಾಡಿಕೊಳ್ಳಬೇಕು. ರಕ್ತಸ್ರಾವದ ಮೊದಲ ದಿನವೇ ಚಕ್ರದ ಒಂದನೇ ದಿನ. ಆಗ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಎರಡೂ ತಳ ಮುಟ್ಟಿರುತ್ತವೆ. ಮುಂದಿನ ದಿನಗಳಲ್ಲಿ ಈಸ್ಟ್ರೋಜೆನ್ ಏರುತ್ತ ಹೋಗಿ, ಮಧ್ಯದಲ್ಲಿ ಅಂಡಾಣು ಬಿಡುಗಡೆಯಾಗುತ್ತದೆ. ಆ ಬಳಿಕ ಪ್ರೊಜೆಸ್ಟರಾನ್‌ನದೇ ಕಾರುಬಾರು. ಗರ್ಭ ನಿಲ್ಲದಿದ್ದರೆ ಎರಡೂ ಇಳಿದು ಮತ್ತೆ ಮುಟ್ಟು. 28 ದಿನ ಎಂಬುದು ಪುಸ್ತಕದ ಸರಾಸರಿ. ದೊಡ್ಡವರಲ್ಲಿ 21ರಿಂದ 35 ದಿನ, ಮೈನೆರೆದ ಮೊದಲ ಕೆಲವು ವರ್ಷಗಳಲ್ಲಿ 45 ದಿನದ ತನಕವೂ ಸಹಜವೇ. ಪ್ರೌಢಶಾಲೆಯ ಹುಡುಗಿಯ ತಾರೀಖು ಹಿಂದೆ ಮುಂದೆ ಆದರೆ ಗಾಬರಿಯಾಗಬೇಕಿಲ್ಲ.

2020ರಲ್ಲಿ ‘ಸ್ಪೋರ್ಟ್ಸ್ ಮೆಡಿಸಿನ್’ ಪತ್ರಿಕೆಯಲ್ಲಿ ಎರಡು ದೊಡ್ಡ ವಿಶ್ಲೇಷಣೆಗಳು ಬಂದವು. ಮೊದಲನೆಯದು 78 ಅಧ್ಯಯನಗಳನ್ನು ಒಟ್ಟುಗೂಡಿಸಿ, ಚಕ್ರದ ಯಾವ ಹಂತದಲ್ಲಿ ಶಕ್ತಿ, ವೇಗ, ದಮ್ಮು ಹೆಚ್ಚು ಕಡಿಮೆಯಾಗುತ್ತದೆ ಎಂದು ನೋಡಿತು. ಸಿಕ್ಕ ಉತ್ತರ: ಮುಟ್ಟಿನ ಮೊದಲ ದಿನಗಳಲ್ಲಿ ಸಾಮರ್ಥ್ಯ ಒಂದಿಷ್ಟು ಇಳಿಯಬಹುದು, ಆದರೆ ಆ ಇಳಿಕೆ ನಗಣ್ಯ ಎನ್ನುವಷ್ಟು ಸಣ್ಣದು, ಅದರ ಮೇಲೆ ಆ ಅಧ್ಯಯನಗಳಲ್ಲಿ ಬಹುಪಾಲು ಗಟ್ಟಿಯಾದುವಲ್ಲ. ಗರ್ಭನಿರೋಧಕ ಗುಳಿಗೆಯ ಬಗ್ಗೆ 42 ಅಧ್ಯಯನಗಳನ್ನು ಜಾಲಾಡಿದ ಎರಡನೆಯದು, ಗುಳಿಗೆ ತೆಗೆದುಕೊಳ್ಳುವವರ ಸಾಮರ್ಥ್ಯ ಸರಾಸರಿಯಲ್ಲಿ ಕೂದಲೆಳೆಯಷ್ಟು ಕಡಿಮೆ ಇರಬಹುದು ಎಂದಿತು. ಎಲ್ಲರಿಗೂ ಒಂದೇ ನಿಯಮ ಮಾಡುವಷ್ಟು ಆಧಾರ ಇಲ್ಲ, ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ನೋಡಿ ಎಂದೇ ಎರಡೂ ಕೈಮುಗಿದವು. ‘ಇಂಥ ವಾರ ಭಾರ ಎತ್ತಿ, ಇಂಥ ವಾರ ಬರೀ ಯೋಗ ಮಾಡಿ’ ಎಂದು ಮೊಬೈಲ್‌ನಲ್ಲಿ ವೇಳಾಪಟ್ಟಿ ಮಾರುವ ಆ್ಯಪ್‌ಗಳಿಗೆ ಈ ಆಧಾರದ ಮೇಲೆ ದುಡ್ಡು ಸುರಿಯುವುದು ನನಗಂತೂ ದಂಡ ಅನಿಸುತ್ತದೆ.

ಸರಾಸರಿ ಸಣ್ಣದು ಅಂದ ಮಾತ್ರಕ್ಕೆ ನೋವು ಸುಳ್ಳಲ್ಲ. ಒಳಪದರ ಕಳಚುವಾಗ ಹೊರಡುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಗರ್ಭಕೋಶದ ಸ್ನಾಯುವನ್ನು ಹಿಂಡುತ್ತದೆ. ಅದು ಹೆಚ್ಚಾದವರಿಗೆ ಕಿಬ್ಬೊಟ್ಟೆ ನೋವಿನ ಜತೆ ಭೇದಿ, ವಾಂತಿಯೂ ಆಗುತ್ತದೆ. ಹಾಗೆ ರಾತ್ರಿಯೆಲ್ಲ ನಿದ್ದೆಗೆಟ್ಟವಳು ಬೆಳಗ್ಗೆ ನೂರು ಮೀಟರ್ ಓಡಲಾರಳು. ಅದು ಹಾರ್ಮೋನಿನ ಗಣಿತವಲ್ಲ, ನೋವಿನ ಮತ್ತು ನಿದ್ದೆಯ ಗಣಿತ. ಮೆಫನಾಮಿಕ್ ಆಮ್ಲದ ಗುಳಿಗೆ ತಯಾರಾಗುವ ಪ್ರೊಸ್ಟಾಗ್ಲಾಂಡಿನ್ನನ್ನೇ ತಗ್ಗಿಸುತ್ತದೆ, ಆದ್ದರಿಂದ ನೋವು ಏರುವ ಮೊದಲೇ, ಹೊಟ್ಟೆಗೆ ಏನಾದರೂ ಹಾಕಿಕೊಂಡು ತೆಗೆದುಕೊಳ್ಳಬೇಕು. ಅದು ಕ್ರೀಡೆಯಲ್ಲಿ ನಿಷಿದ್ಧವೂ ಅಲ್ಲ.

ಚಕ್ರದ ಹಂತ ನಮ್ಮ ಕಡೆ ನಿಜವಾಗಿ ಲೆಕ್ಕಕ್ಕೆ ಬರುವ ಜಾಗ ಒಂದಿದೆ, ಬಿಸಿಲು. ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್‌ನಿಂದ ಮೈಯ ತಾಪ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿ, ಮುಟ್ಟಾಗುವ ತನಕ ಹಾಗೇ ಇರುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಇದು ಯಾರ ಗಮನಕ್ಕೂ ಬಾರದು. ರಾಯಚೂರು ಜಿಲ್ಲೆಯ ಏಪ್ರಿಲ್-ಮೇ ತಿಂಗಳಲ್ಲಿ, ನೆರಳಿನಲ್ಲೇ 40 ಡಿಗ್ರಿ ದಾಟುವಾಗ, ಬೇಸಿಗೆ ಶಿಬಿರದ ಹುಡುಗಿ ಅರ್ಧ ಡಿಗ್ರಿಯ ಸಾಲ ಹೊತ್ತುಕೊಂಡೇ ಮೈದಾನಕ್ಕೆ ಇಳಿಯುತ್ತಾಳೆ. ಅದರ ಮೇಲೆ ಇನ್ನೊಂದು: ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ನೆಟ್ಟಗಿನ ಶೌಚಾಲಯ ಇಲ್ಲವೆಂದು ಬೆಳಗ್ಗೆಯಿಂದ ನೀರೇ ಕುಡಿಯದೆ ಇರುವುದು. ಮುಟ್ಟಿನ ಮೇಲೆ ಗೂಬೆ ಕೂರಿಸುವ ಎಷ್ಟೋ ತಲೆಸುತ್ತುಗಳ ಹಿಂದೆ ಇರುವುದು ಈ ಖಾಲಿ ನೀರಿನ ಬಾಟಲಿ.

ಬಟ್ಟೆಯ ಮಾತನ್ನೂ ಬಿಡುವಂತಿಲ್ಲ. ಖೋಖೋದಲ್ಲಿ ಕುಕ್ಕರಗಾಲಲ್ಲಿ ಕೂತು ಚಂಗನೆ ಏಳಬೇಕು, ಕಬಡ್ಡಿಯಲ್ಲಿ ಎದುರಾಳಿ ಕಾಲು ಹಿಡಿದು ಎಳೆಯುತ್ತಾಳೆ. ಅಂಥಲ್ಲಿ ಕಲೆ ಕಂಡೀತೆಂಬ ಭಯ ನೋವಿಗಿಂತ ದೊಡ್ಡದು. ನಮ್ಮ ಎಷ್ಟೋ ಶಾಲೆಗಳಲ್ಲಿ ಡ್ರಿಲ್ ದಿನ ಬಿಳಿ ಸಮವಸ್ತ್ರ! ಲಂಡನ್ನಿನ ವಿಂಬಲ್ಡನ್ ಟೆನಿಸ್‌ನವರೇ 2023ರಲ್ಲಿ ತಮ್ಮ ಬಿಳಿ ಬಟ್ಟೆಯ ಹಟ ಸಡಿಲಿಸಿ, ಹೆಣ್ಣುಮಕ್ಕಳು ಒಳಗೆ ಗಾಢ ಬಣ್ಣದ ಚಡ್ಡಿ ಹಾಕಬಹುದು ಎಂದರು. ಅದೇ ವರ್ಷ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ್ತಿಯರ ಬಿಳಿ ಚಡ್ಡಿ ನೀಲಿಯಾಯಿತು. ಶಾಲಾಭಿವೃದ್ಧಿ ಸಮಿತಿಯ ಒಂದು ಠರಾವಿನಲ್ಲಿ ಆಗುವ ಕೆಲಸ ಇದು. ಶಾಲಾ ಹುಡುಗಿಯರಿಗೆ ಸ್ಯಾನಿಟರಿ ಪ್ಯಾಡ್ ಕೊಡುವ ಸರ್ಕಾರದ ‘ಶುಚಿ’ ಯೋಜನೆ ಕೆಲವು ವರ್ಷ ನಿಂತುಹೋಗಿ 2024ರಲ್ಲಿ ಮತ್ತೆ ಶುರುವಾಗಿದೆ. ಕ್ರೀಡಾ ಸಾಮಗ್ರಿಯ ಪೆಟ್ಟಿಗೆಯಲ್ಲಿ ಸೀಟಿ, ಸ್ಟಾಪ್‌ವಾಚ್ ಜತೆ ಆ ಪ್ಯಾಡಿನ ಎರಡು ಪೊಟ್ಟಣ ಇಟ್ಟರೆ ‘ಜ್ವರ’ ಅರ್ಧಕ್ಕರ್ಧ ಇಳಿದೀತು.

ಇಷ್ಟು ಹೇಳಿದ ಮೇಲೆ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ನಮ್ಮ ತಾಲ್ಲೂಕುಗಳ ಹುಡುಗಿಯ ವಿಷಯದಲ್ಲಿ ಚಕ್ರದ ‘ಯಾವ ದಿನ’ ಎಂಬ ಪ್ರಶ್ನೆಯೇ ತಪ್ಪು ಜಾಗದಲ್ಲಿ ಬೆರಳಿಡುತ್ತದೆ. ನೋಡಬೇಕಾದ್ದು ಅವಳ ರಕ್ತ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಇರುವವರು ದೇಶದಲ್ಲಿ ಶೇ 57, ಕರ್ನಾಟಕದಲ್ಲಿ ಸುಮಾರು ಶೇ 48. ಹೆಂಗಸರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. 13 ಗ್ರಾಂ ಇರುವವಳ 100 ಮಿಲಿಲೀಟರ್ ರಕ್ತ ಹದಿನೇಳೂವರೆಯ ಹತ್ತಿರ ಆಮ್ಲಜನಕ ಒಯ್ದರೆ, ಒಂಬತ್ತೂವರೆ ಗ್ರಾಂ ಇರುವವಳ ರಕ್ತ ಹದಿಮೂರನ್ನೂ ಮುಟ್ಟುವುದಿಲ್ಲ. ಅಂದರೆ ಕಾಲು ಭಾಗಕ್ಕಿಂತ ಹೆಚ್ಚು ಖೋತಾ. ಹೃದಯ ಜೋರಾಗಿ ಬಡಿದು ಒಂದಷ್ಟು ಸರಿದೂಗಿಸಬಹುದು, 800 ಮೀಟರ್‌ನ ಎರಡನೇ ಸುತ್ತಿನಲ್ಲಿ ಆ ಸಾಲ ತೀರಿಸಲೇಬೇಕಾಗುತ್ತದೆ. ಚಕ್ರದ ಹಂತದಿಂದಾಗುವ ‘ನಗಣ್ಯ’ ವ್ಯತ್ಯಾಸವೆಲ್ಲಿ, ಈ ಕಾಲು ಭಾಗವೆಲ್ಲಿ!

ಮುಟ್ಟು ಈ ಕತೆಯೊಳಗೆ ನಿಜವಾಗಿ ಪ್ರವೇಶಿಸುವುದು ಇಲ್ಲೇ. ಸಾಮಾನ್ಯವಾಗಿ ಒಂದು ಮುಟ್ಟಿಗೆ 30-40 ಮಿಲಿಲೀಟರ್ ರಕ್ತ ಹೋಗುತ್ತದೆ; 80 ದಾಟಿದರೆ ಅದು ಅತಿಸ್ರಾವ. ಮಿಲಿಲೀಟರ್‌ಗೆ ಹತ್ತಿರಹತ್ತಿರ ಅರ್ಧ ಮಿಲಿಗ್ರಾಂ ಕಬ್ಬಿಣ ಹೋಯಿತೆಂದು ಹಿಡಿದರೆ ಅತಿಸ್ರಾವದವಳು ತಿಂಗಳಿಗೆ 40 ಮಿಲಿಗ್ರಾಂ ಕಳೆದುಕೊಳ್ಳುತ್ತಾಳೆ. ಊಟದಿಂದ ಮೈ ಹೀರಿಕೊಳ್ಳುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ. ಗಟ್ಟಿ ವ್ಯಾಯಾಮವೂ ತನ್ನ ಪಾಲು ಕೀಳುತ್ತದೆ. ತಾಲೀಮು ಮುಗಿದ ಮೂರರಿಂದ ಆರು ಗಂಟೆಯ ಹೊತ್ತಿಗೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಕರುಳಿನಲ್ಲಿ ಕಬ್ಬಿಣ ಹೀರುವ ಬಾಗಿಲನ್ನು ಅರೆಮುಚ್ಚುತ್ತದೆ. ಒಂದೆರಡು ತಾಸಿಗೇ ಪ್ಯಾಡ್ ಬದಲಿಸಬೇಕಾದವಳು, ಗಡ್ಡೆಗಡ್ಡೆಯಾಗಿ ಹೋಗುವವಳು, ವಾರ ಮೀರಿ ಸ್ರಾವ ಇರುವವಳು ‘ನಮ್ಮವ್ವಗೂ ಹಿಂಗ ಆಗ್ತಿತ್ತು’ ಎಂದು ಸುಮ್ಮನಿರಬಾರದು.

ಊಟದ ತಟ್ಟೆಯ ಬದಲಾವಣೆಯನ್ನೂ ಇಲ್ಲೇ ಹೇಳಬೇಕು. ತುಂಗಭದ್ರಾ ಎಡದಂಡೆ ಕಾಲುವೆ ಬರುವ ಮೊದಲು ಈ ನೆಲ ಜೋಳ-ಸಜ್ಜೆಯದು. ಕಾಲುವೆಯ ಜತೆ ಭತ್ತ ಬಂತು, ಸಿಂಧನೂರಿಗೆ ಹೆಸರೂ ದುಡ್ಡೂ ಬಂತು, ಮೂರು ಹೊತ್ತು ಅನ್ನ ಉಣ್ಣುವುದು ಅನುಕೂಲಸ್ಥರ ಲಕ್ಷಣವೂ ಆಯಿತು. ನೂರು ಗ್ರಾಂ ಸಜ್ಜೆಯಲ್ಲಿ 6 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣವಿದೆ, ಜೋಳದಲ್ಲಿ ಸುಮಾರು 4. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದೂ ಇಲ್ಲ. ಸಜ್ಜೆ-ಜೋಳದ ಕಬ್ಬಿಣವೆಲ್ಲ ಮೈಗೆ ಹತ್ತುವುದಿಲ್ಲ ನಿಜ, ಆದರೂ ಕಟಕ್ ರೊಟ್ಟಿ, ಪುಂಡಿಪಲ್ಯ, ಮೊಳಕೆ ಹೆಸರಿನ ಮೇಲೊಂದು ಹೋಳು ನಿಂಬೆ ಹಿಂಡಿದ ಊಟಕ್ಕೂ ಬಿಳಿ ಅನ್ನ-ತಿಳಿಸಾರಿಗೂ ಹೋಲಿಕೆಯೇ ಇಲ್ಲ. ಊಟದ ಬೆನ್ನಿಗೇ ಚಹಾ ಕುಡಿಯುವ ನಮ್ಮ ಚಟ ಇದ್ದಬದ್ದ ಕಬ್ಬಿಣವನ್ನೂ ಕಟ್ಟಿಹಾಕುತ್ತದೆ; ಒಂದು ತಾಸು ತಡೆದು ಕುಡಿದರೆ ಗಂಟೇನು ಹೋಗುವುದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜತೆಗೆ ಫೋಲಿಕ್ ಆಮ್ಲ ಇದೆ. ಮಲ ಕಪ್ಪಾಗುತ್ತದೆಂದು ಹೆದರಿ ಅದನ್ನು ಕಿಟಕಿಯಾಚೆ ಎಸೆಯುವ ಹುಡುಗಿಯರಿಗೆ, ಕಪ್ಪಾಗುವುದು ಸಹಜ ಎಂದು ಹೇಳುವವರೊಬ್ಬರು ಬೇಕು.

ರಕ್ತದ ಬಳಿಕ ನೋಡಬೇಕಾದ ಎರಡನೆಯದು ಹಸಿವು. ಕ್ರೀಡಾ ವಿಜ್ಞಾನದಲ್ಲಿ ಕಳೆದ ಕೆಲವು ದಶಕಗಳ ದೊಡ್ಡ ತಿಳಿವಳಿಕೆ ಎಂದರೆ ಇದೇ: ಓಡುವ ಹುಡುಗಿಯ ಮುಟ್ಟು ನಿಂತರೆ ಅದಕ್ಕೆ ಓಟ ಕಾರಣವಲ್ಲ, ಓಟಕ್ಕೆ ತಕ್ಕ ಊಟ ಇಲ್ಲದಿರುವುದು ಕಾರಣ. ಅಮೆರಿಕದ ಆ್ಯನ್ ಲೌಕ್ಸ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಲೆಕ್ಕಕ್ಕೆ ಇಳಿಸಿದರು. ದಿನದ ಊಟದಲ್ಲಿ ವ್ಯಾಯಾಮಕ್ಕೆ ಖರ್ಚಾದದ್ದು ಕಳೆದು, ಕೊಬ್ಬು ಬಿಟ್ಟ ಮೈತೂಕದ ಪ್ರತಿ ಕಿಲೋಗೆ 30 ಕ್ಯಾಲೊರಿಗಿಂತ ಕಡಿಮೆ ಉಳಿದರೆ, ಅಂಡಾಶಯವನ್ನು ನಡೆಸುವ ಮಿದುಳಿನ ಸಂಕೇತಗಳು ಐದೇ ದಿನದಲ್ಲಿ ಅಸ್ತವ್ಯಸ್ತವಾಗುತ್ತವೆ. ಕಾಲುವೆಯಲ್ಲಿ ನೀರು ಕಡಿಮೆಯಾದಾಗ ಮೊದಲು ಒಣಗುವುದು ಕೊನೆ ಭಾಗದ ಗದ್ದೆ ಎಂಬುದು ಇಲ್ಲಿನ ರೈತರಿಗೆ ಹೇಳಬೇಕಿಲ್ಲ; ಮೈ ಕೂಡ ಹಾಗೆಯೇ, ಹೃದಯಕ್ಕೆ ಮಿದುಳಿಗೆ ಮೊದಲು ಹಾಯಿಸಿ, ಸಂತಾನದ ಕೆಲಸಕ್ಕೆ ಕೊನೆಗೆ ಬಿಡುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ‘ರೆಡ್-ಎಸ್’ ಎಂದು ಹೆಸರಿಟ್ಟು, 2023ರಲ್ಲಿ ಪರಿಷ್ಕರಿಸಿದ ಒಮ್ಮತದ ವರದಿ ತಂದಿದೆ.

ಲೆಕ್ಕ ನಮ್ಮ ಹುಡುಗಿಗೇ ಹಾಕೋಣ. 45 ಕೆ.ಜಿ. ತೂಕ, ಕೊಬ್ಬು ಬಿಟ್ಟರೆ 36 ಎಂದುಕೊಳ್ಳಿ. ದಿನಕ್ಕೆ 1,400 ಕ್ಯಾಲೊರಿ ಉಂಡು, ಬೆಳಗ್ಗೆ-ಸಂಜೆ ತಾಲೀಮಿನಲ್ಲಿ 500 ಸುಟ್ಟರೆ ಉಳಿದದ್ದು 900, ಕಿಲೋಗೆ 25. ಗೆರೆಯ ಕೆಳಗೆ ಬಿದ್ದಳು. ವಿಜ್ಞಾನಿಗಳ ಲೆಕ್ಕದಲ್ಲಿ ಇಲ್ಲದ ಖರ್ಚು ಇನ್ನೂ ಇದೆ: ಭಾನುವಾರ ಭತ್ತದ ನಾಟಿ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು, ಕೊಡದ ನೀರು. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವ ರೂಢಿ ಬೇರೆ. ಬೆಳಗ್ಗೆ ಮಂಡಾಳ ಒಗ್ಗರಣಿ ತಿಂದು ಬಂದವಳನ್ನು ‘ದಮ್ಮಿಲ್ಲ’ ಎಂದು ತಂಡದಿಂದ ಕೈಬಿಡುವ ಮೊದಲು, ನಿನ್ನೆ ರಾತ್ರಿ ಏನು ಉಂಡಿ ಎಂದು ಕೇಳಬೇಕು. 2021ರ ಡಿಸೆಂಬರ್‌ನಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಬಂದದ್ದು ಮೊದಲು ರಾಯಚೂರು, ಯಾದಗಿರಿ, ಕಲಬುರಗಿಯಂಥ ಈ ಭಾಗದ ಜಿಲ್ಲೆಗಳಿಗೇ. ಎಷ್ಟೋ ಗದ್ದಲವಾಯಿತು, ಆದರೂ ನಿಲ್ಲಲಿಲ್ಲ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಲ್ಲಿ ವಾರಕ್ಕೆ ಆರು ದಿನವಾಗಿದೆ. ನಮ್ಮ ಆಟಗಾರ್ತಿಯರಿಗೆ ಸಿಕ್ಕಿರುವ ಅತಿ ದೊಡ್ಡ ಕ್ರೀಡಾ ಯೋಜನೆ ಯಾವುದು ಎಂದು ಕೇಳಿದರೆ ನಾನು ಈ ಮೊಟ್ಟೆಯನ್ನೇ ತೋರಿಸುತ್ತೇನೆ.

ಮೂರು ತಿಂಗಳು ಸತತ ಮುಟ್ಟಾಗದಿದ್ದರೆ ‘ಒಳ್ಳೇದೇ ಆತು, ತಾಪತ್ರಯ ತಪ್ಪಿತು’ ಎನ್ನುವ ಆಟಗಾರ್ತಿಯರಿದ್ದಾರೆ. ಅದು ಅಪಾಯದ ಗಂಟೆ. ಈಸ್ಟ್ರೋಜೆನ್ ಇಲ್ಲದೆ ಮೂಳೆ ತುಂಬಿಕೊಳ್ಳುವುದಿಲ್ಲ, ಹದಿಹರೆಯದಲ್ಲಿ ತುಂಬದ ಮೂಳೆಯನ್ನು ಆಮೇಲೆ ಪೂರ್ತಿಯಾಗಿ ತುಂಬಲಾಗದು. ಕಾಲಿನ ಮೂಳೆಯಲ್ಲಿ ಕೂದಲೆಳೆ ಬಿರುಕು ಪದೇ ಪದೇ ಬಂದರೆ ಮುಟ್ಟಿನ ಲೆಕ್ಕ ಕೇಳುವುದು ಒಳ್ಳೆಯ ವೈದ್ಯರ ಲಕ್ಷಣ.

ಇನ್ನು ಗರ್ಭನಿರೋಧಕ. ಇಲ್ಲಿ ಲಂಡನ್ನಿನ ಲೇಖನವನ್ನು ಸಿಂಧನೂರಿಗೆ ತಂದು ಅಂಟಿಸಿದರೆ ಹೊಂದುವುದಿಲ್ಲ. ಬ್ರಿಟನ್ನಿನ 430 ಉನ್ನತ ಆಟಗಾರ್ತಿಯರನ್ನು ಕೇಳಿದ 2018ರ ಅಧ್ಯಯನದಲ್ಲಿ ಅರ್ಧದಷ್ಟು ಮಂದಿ ಹಾರ್ಮೋನಿನ ಗರ್ಭನಿರೋಧಕ ಬಳಸುತ್ತಿದ್ದರು. ನೋವು ತಗ್ಗಿಸಲು, ತಾರೀಖು ಕೈಯಲ್ಲಿ ಹಿಡಿದುಕೊಳ್ಳಲು ಕೂಡ. ನಮ್ಮಲ್ಲಿ ಮದುವೆಯಾಗದ ಹುಡುಗಿ ಆ ಗುಳಿಗೆಯ ಹೆಸರೆತ್ತುವಂತಿಲ್ಲ. ಮದುವೆಯಾದವರಿಗೆ ಉಳಿದದ್ದು ಒಂದೇ ದಾರಿ. ಮೇಲೆ ಹೇಳಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತೆಯರಲ್ಲಿ ಶೇ 57ಕ್ಕೂ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಗಂಡಸರ ಪಾಲು ಹತ್ತಿರಹತ್ತಿರ ಸೊನ್ನೆ. 20ರಿಂದ 24ರ ವಯಸ್ಸಿನ ಐವರಲ್ಲಿ ಒಬ್ಬಳಿಗೆ 18 ತುಂಬುವ ಮೊದಲೇ ಮದುವೆಯಾಗಿರುತ್ತದೆ. ಬೇಗ ಮದುವೆ, ಬೆನ್ನುಬೆನ್ನಿಗೆ ಎರಡು ಹೆರಿಗೆ, ಆಪರೇಷನ್. ಆಟಗಾರ್ತಿಯ ಮೈ ಅರಳಬೇಕಾದ ವರ್ಷಗಳೇ ಇವು. ನಡುವೆ ಅಂತರ ಕೊಡುವ ದಾರಿಗಳು ತಾಲ್ಲೂಕು ಆಸ್ಪತ್ರೆಯಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಪುಕ್ಕಟೆ ಇವೆ, ಕೇಳುವವರು ಕಡಿಮೆ.

ಗರ್ಭನಿರೋಧಕ ಗುಳಿಗೆ ಮಾಲಾ-ಎನ್‌ನ ಪಟ್ಟಿಯಲ್ಲಿ 21 ಹಾರ್ಮೋನಿನ ಗುಳಿಗೆ, ಕೊನೆಯ 7 ಬರೀ ಕಬ್ಬಿಣಾಂಶದವು. ಇದರಿಂದ ಸ್ರಾವ ಮತ್ತು ನೋವು ಎರಡೂ ಕಡಿಮೆಯಾಗುತ್ತವೆ, ತಾರೀಖು ಗೊತ್ತಿರುತ್ತದೆ. ಆದರೆ ಕೊನೆಯ ವಾರ ಬರುವುದು ನಿಜವಾದ ಮುಟ್ಟಲ್ಲ, ಹಾರ್ಮೋನು ನಿಲ್ಲಿಸಿದ್ದಕ್ಕೆ ಬರುವ ಸ್ರಾವ. ಹಾಗಾಗಿ ಹಸಿವಿನಿಂದ ಅಂಡಾಶಯ ಮಲಗಿದ್ದರೂ ತಿಂಗಳು ತಿಂಗಳು ರಕ್ತ ಕಂಡು ‘ಎಲ್ಲ ಸರಿ’ ಎಂಬ ಭ್ರಮೆ ಹುಟ್ಟುತ್ತದೆ. ಜನ ‘ವಂಕಿ’ ಎನ್ನುವ ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲ. ಆಟಕ್ಕೆ ಅಡ್ಡಿಯೂ ಇಲ್ಲ. ಮೊದಲ ತಿಂಗಳುಗಳಲ್ಲಿ ಸ್ರಾವ, ನೋವು ಹೆಚ್ಚಾಗಬಹುದು, ಆದ್ದರಿಂದ ರಕ್ತ ಮೊದಲೇ ಕಡಿಮೆ ಇದ್ದವಳು ಯೋಚಿಸಬೇಕು. ಮೂರು ತಿಂಗಳಿಗೊಮ್ಮೆಯ ‘ಅಂತರಾ’ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಗಳಿಗೆ 2017ರಿಂದ ಬಂದಿದೆ. ಅದರಲ್ಲಿ ಸ್ರಾವ ಅನಿಯಮಿತವಾಗಬಹುದು ಅಥವಾ ನಿಲ್ಲಬಹುದು, ತೂಕ ಏರಬಹುದು. ಬಳಸುವಷ್ಟು ಕಾಲ ಮೂಳೆಯ ಸಾಂದ್ರತೆ ಸ್ವಲ್ಪ ಇಳಿಯುತ್ತದೆ, ಬಿಟ್ಟ ಮೇಲೆ ಬಹುಮಟ್ಟಿಗೆ ಮರಳುತ್ತದೆ.

‘ಛಾಯಾ’ದ ಬಗ್ಗೆ ಮಾತ್ರ ಒಂದು ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ, ವಾರಕ್ಕೊಮ್ಮೆಯ ಈ ಗುಳಿಗೆ ದೇಶದ ಹೆಮ್ಮೆ. ಹಾರ್ಮೋನಿಲ್ಲದ್ದು, ಮಗುವಿಗೆ ಹಾಲೂಡಿಸುವವರೂ ಬಳಸಬಹುದು. ಆದರೆ ಅದು ಈಸ್ಟ್ರೋಜೆನ್ ಗ್ರಾಹಕಗಳ ಮೇಲೆ ಕೆಲಸ ಮಾಡುವ ಔಷಧಗಳ ಗುಂಪಿಗೆ ಸೇರಿದ್ದು. ಆ ಗುಂಪನ್ನೇ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ನಿಷಿದ್ಧ ಪಟ್ಟಿಯಲ್ಲಿ ಇಟ್ಟಿದೆ. ಮಾಲಾ, ಅಂತರಾ, ಕಾಪರ್-ಟಿಗೆ ಈ ತೊಡಕಿಲ್ಲ. ಪಿಸಿಒಡಿಗೆಂದು ಕೊಡುವ ಸ್ಪೈರೊನೊಲ್ಯಾಕ್ಟೋನ್, ಗರ್ಭ ನಿಲ್ಲಲೆಂದು ಕೊಡುವ ಕ್ಲೋಮಿಫೀನ್, ಲೆಟ್ರೊಜೋಲ್ ಕೂಡ ನಿಷಿದ್ಧವೇ. ವಲಯ ಮಟ್ಟದಲ್ಲಿ ಯಾರೂ ಮೂತ್ರ ಪರೀಕ್ಷೆ ಮಾಡುವುದಿಲ್ಲ, ರಾಷ್ಟ್ರ ಮಟ್ಟಕ್ಕೆ ಹೋದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯವರು (ನಾಡಾ) ಮಾಡುತ್ತಾರೆ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ತಂದ ಉಡುಪಿ ಜಿಲ್ಲೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ ಮರುವರ್ಷವೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎರಡು ವರ್ಷ ನಿಷೇಧ ಅನುಭವಿಸಿದರು. ತರಬೇತುದಾರರು ಕೊಟ್ಟ ಪೂರಕವೊಂದರಿಂದ ಹಾಗಾಯಿತು ಎಂಬ ಅವರ ವಾದ ಶಿಕ್ಷೆ ತಪ್ಪಿಸಲಿಲ್ಲ. ಗೊತ್ತಿಲ್ಲದೆ ನುಂಗಿದೆ ಎಂಬುದು ಅಲ್ಲಿ ನಡೆಯುವುದಿಲ್ಲ. ವೈದ್ಯರ ಮುಂದೆ ಕೂತಾಗ ‘ನಾನು ರಾಷ್ಟ್ರ ಮಟ್ಟಕ್ಕೆ ಆಡ್ತೀನ್ರೀ’ ಎಂದು ಮೊದಲೇ ಹೇಳಿಬಿಡಬೇಕು.

ಆಪರೇಷನ್ ಬಗ್ಗೆ ನಮ್ಮ ಕಡೆ ಗಟ್ಟಿಯಾಗಿ ಬೇರೂರಿದ ನಂಬಿಕೆ ಇದೆ. ‘ಆಪರೇಷನ್ ಆದಾಕಿ, ಸ್ವಂಟದಾಗ ಶಕ್ತಿ ಎಲ್ಲೈತಿ?’ ಅನ್ನುತ್ತಾರೆ. ಅದೇ ಹೆಂಗಸು ಆರು ತಾಸು ಬಾಗಿ ನಾಟಿ ಹಚ್ಚುವುದನ್ನು ಯಾರೂ ತಡೆಯುವುದಿಲ್ಲ, ಅದು ಬೇರೆ ಮಾತು. ಆ ಶಸ್ತ್ರಚಿಕಿತ್ಸೆಯಲ್ಲಿ ಕಟ್ಟುವುದು ಅಂಡನಾಳವನ್ನು ಮಾತ್ರ. ಅಂಡಾಶಯ ಮೊದಲಿನಂತೆಯೇ ಹಾರ್ಮೋನು ಸುರಿಸುತ್ತದೆ, ಮುಟ್ಟು ಮೊದಲಿನಂತೆಯೇ ಆಗುತ್ತದೆ, ಸ್ನಾಯುವಿನ ಬಲ ಇಳಿಯಲು ಕಾರಣವೇ ಇಲ್ಲ. ಸಾಮಾನ್ಯವಾಗಿ ಎರಡು ದಿನದ ಬಳಿಕ ಹಗುರ ಕೆಲಸ, ಸುಮಾರು ಎರಡು ವಾರದ ಬಳಿಕ ಪೂರ್ತಿ ಕೆಲಸ ಎನ್ನುತ್ತಾರೆ. ಹೆರಿಗೆಯ ಜತೆಗೇ ಮಾಡಿಸಿಕೊಂಡವರಿಗೆ ಇನ್ನಷ್ಟು ಕಾಲ ಬೇಕು. ಶಕ್ತಿ ಹೋದದ್ದು ಹೌದಾದರೆ, ಬೆನ್ನುಬೆನ್ನಿಗೆ ಹೆರಿಗೆಯಾಗಿ ಬರಿದಾದ ರಕ್ತದಿಂದ, ಮತ್ತೆ ಕಟ್ಟಿಕೊಳ್ಳದ ಹೊಟ್ಟೆಯ ಸ್ನಾಯುವಿನಿಂದ. ಎರಡಕ್ಕೂ ಮದ್ದಿದೆ. ಕೊಡಗಿನ ಪ್ರಮೀಳಾ ಅಯ್ಯಪ್ಪ ತಾಯಿಯಾದ ಮೇಲೆ ಹೆಪ್ಟಾಥ್ಲಾನ್‌ಗೆ ಮರಳಿ 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದರು, 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. ಎರಡು ದಿನದಲ್ಲಿ ಏಳು ಸ್ಪರ್ಧೆಗಳ ಆಟ ಅದು. ಅವರಿಗೆ ಮನೆಯಲ್ಲೇ ತರಬೇತುದಾರ ಗಂಡ ಇದ್ದರು ಎಂಬುದನ್ನೂ ಸೇರಿಸಿಯೇ ಹೇಳಬೇಕು.

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ ಫೈನಲ್‌ನಲ್ಲಿ ಭಾರತದ ವನಿತೆಯರು ನೇಪಾಳವನ್ನು 78–40ರಿಂದ ಸೋಲಿಸಿದಾಗ, ಪಂದ್ಯಶ್ರೇಷ್ಠೆ ಆದದ್ದು ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ. ತಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಆಗುವುದು ಮಸ್ಕಿಯ ಹಳ್ಳಿಯಿಂದ ಆಗಬಾರದೆಂದೇನಿಲ್ಲ. ದೊಡ್ಡ ಪ್ರಯೋಗಾಲಯವೇನೂ ಬೇಕಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಗಿ ತಾನೇ ಮುಟ್ಟಿನ ದಿನಕ್ಕೊಂದು ಗುರುತು, ನೋವು ಜಾಸ್ತಿ ಇದ್ದರೆ ಎರಡು ಗುರುತು ಹಾಕಿಕೊಂಡರೆ ಮೂರು-ನಾಲ್ಕು ತಿಂಗಳಲ್ಲಿ ಅವಳ ಮೈಯ ಲೆಕ್ಕ ಅವಳಿಗೇ ಸಿಗುತ್ತದೆ. ಆ ಕ್ಯಾಲೆಂಡರ್ ಅವಳದು, ಮಾಸ್ತರರ ಹಾಜರಿ ಪುಸ್ತಕವಲ್ಲ. ತೋರಿಸಬೇಕೋ ಬೇಡವೋ ಅವಳೇ ತೀರ್ಮಾನಿಸಬೇಕು. ಶಾಲೆಯಲ್ಲಿ ಒಬ್ಬ ಮೇಡಂ ಈ ಮಾತಿಗೆಂದೇ ಗೊತ್ತಿದ್ದರೆ ಒಳ್ಳೆಯದು. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹಾ ಕ್ಲಿನಿಕ್’ ಇದೆ, ಅಲ್ಲಿ ಅವ್ವನನ್ನು ಕರೆದುಕೊಂಡು ಹೋಗಿ ಕೇಳಲು ನಾಚಿಕೆ ಬೇಡ.

ರಕ್ತ ಪರೀಕ್ಷೆಯ ತಿಂಗಳು ಮಾತ್ರ ಸರಿಯಾಗಿರಬೇಕು. ಹಿಮೋಗ್ಲೋಬಿನ್ ಒಂಬತ್ತು-ಹತ್ತರಲ್ಲಿ ಇರುವವಳು ವೈದ್ಯರು ಹೇಳಿದಂತೆ ಗುಳಿಗೆ ತೆಗೆದುಕೊಂಡರೂ ಮೈಯ ಕಬ್ಬಿಣದ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ವಲಯ ಮಟ್ಟದ ಕೂಟಗಳು ನಡೆಯುವುದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ಕೂಟದ ಹಿಂದಿನ ವಾರ ಬೆರಳು ಚುಚ್ಚಿ ನೋಡಿದರೆ ಅಂಕಿ ತಿಳಿಯುತ್ತದೆ, ಏರುವುದಿಲ್ಲ. ಶಾಲೆ ಬಾಗಿಲು ತೆರೆಯುವ ಮೇ ಕೊನೆಯಲ್ಲಿ, ತಪ್ಪಿದರೆ ಜೂನ್ ಮೊದಲ ವಾರದಲ್ಲಿ, ತಂಡದ ಪಟ್ಟಿ ಬರೆಯುವ ದಿನವೇ ಹುಡುಗಿಯರನ್ನು ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು.